ಸಲಿಂಗಿ ಪ್ರವಾಸಿಯ ಬೇರೆ ಭೂಪಟ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳಲ್ಲಿ ವಿದೇಶ ಪ್ರವಾಸದ ಜಾಹೀರಾತುಗಳು ಸಾಲುಗಟ್ಟುತ್ತವೆ. ಸಿಂಗಪುರ-ಮಲೇಷ್ಯಾ ಆರು ದಿನ, ದುಬೈ ಐದು ದಿನ, ಬ್ಯಾಂಕಾಕ್-ಪಟ್ಟಾಯ ನಾಲ್ಕು ದಿನ. ಇವು ಬೇಡವಾದರೆ ಶ್ರೀಲಂಕಾ, ಬಾಲಿ, ಮಾಲ್ಡೀವ್ಸ್. ಸಸ್ಯಾಹಾರಿ ಊಟದ ವ್ಯವಸ್ಥೆ ಇದೆ, ಕನ್ನಡ ಬಲ್ಲ ಮಾರ್ಗದರ್ಶಿ ಜೊತೆಗಿರುತ್ತಾರೆ ಎಂಬ ಭರವಸೆಯೂ ಇರುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಒಂದು ಕುಟುಂಬ ಕುಳಿತು ಮಾತಾಡುವಾಗ ಸಾಮಾನ್ಯವಾಗಿ ನೋಡುವುದು ಮೂರು ಸಂಗತಿ: ಖರ್ಚೆಷ್ಟು, ದಿನವೆಷ್ಟು, ಮಕ್ಕಳಿಗೆ ನೋಡಲು ಅಲ್ಲೇನಿದೆ.

ಅದೇ ಜಾಹೀರಾತನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವ ಇನ್ನೂ ಕೆಲವರಿದ್ದಾರೆ. ವರ್ಷಗಟ್ಟಲೆ ಒಂದೇ ಸೂರಿನಡಿ ಸಂಸಾರ ಮಾಡಿಕೊಂಡಿರುವ ಇಬ್ಬರು ಗಂಡಸರು, ಅಥವಾ ಇಬ್ಬರು ಹೆಂಗಸರು. ಅವರಿಗೆ ಈ ಮೂರರ ಜೊತೆಗೆ ನಾಲ್ಕನೆಯದೊಂದು ಪ್ರಶ್ನೆಯಿದೆ. ನಮ್ಮ ಸಂಬಂಧ ಆ ನೆಲದಲ್ಲಿ ಅಪರಾಧವೇ? ಅಪರಾಧವಾದರೆ ಶಿಕ್ಷೆ ಏನು? ಅಲ್ಲದಿದ್ದರೂ ಬೀದಿಯಲ್ಲಿ, ಹೋಟೆಲಿನಲ್ಲಿ, ಪೊಲೀಸ್ ಠಾಣೆಯಲ್ಲಿ ಜನ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಜಾಹೀರಾತಿನಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ಪ್ರವಾಸ ಕಂಪನಿಯ ಕಚೇರಿಗೆ ಹೋಗಿ ಬಾಯಿಬಿಟ್ಟು ಕೇಳುವ ಧೈರ್ಯವೂ ಎಲ್ಲರಿಗೂ ಇರುವುದಿಲ್ಲ.

ತಮ್ಮದೇ ಲಿಂಗದವರತ್ತ ಒಲವುಳ್ಳವರನ್ನು ಸಲಿಂಗಕಾಮಿ ಎಂದು ಕರೆಯುವುದು ಪತ್ರಿಕೆಗಳ ಹಳೆಯ ರೂಢಿ. ಕಾಮವೊಂದನ್ನೇ ಎತ್ತಿ ಹೇಳುವ ಆ ಪದ ಅವರಲ್ಲಿ ಅನೇಕರಿಗೆ ಒಪ್ಪಿಗೆಯಿಲ್ಲ. ಸಲಿಂಗಿ ಎಂಬ ಪದ ಈಗ ಬಳಕೆಗೆ ಬಂದಿದ್ದು, ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಜಗತ್ತಿನ 60ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗ ಸಂಬಂಧ ಇಂದಿಗೂ ಅಪರಾಧ. ನಮ್ಮವರು ಹೆಚ್ಚಾಗಿ ಹೋಗುವ ಹಲವು ಊರುಗಳು ಆ ದೇಶಗಳಲ್ಲೇ ಇವೆ. ಅವುಗಳಲ್ಲಿ ಕೆಲವು ದೇಶಗಳಿಗೆ ಆ ಕಾನೂನು ತಲುಪಿದ್ದು ಭಾರತದ ಮೂಲಕ ಎಂಬುದು ಅನೇಕರಿಗೆ ಗೊತ್ತಿರಲಾರದು. ಯಾವ ಊರು ಹೇಗೆ ಎಂದು ಹೋಲಿಸುವ ಮೊದಲು ಈ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಕಲ್ಕತ್ತೆಯಿಂದ ಹೊರಟ ಕಲಂ

ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಇಂಥ ಸಂಬಂಧಕ್ಕೆ ಮರಣದಂಡನೆ ವಿಧಿಸುವ ಕಾಯಿದೆ ಬಂತು. ಅಲ್ಲಿಯವರೆಗೆ ಅದು ಚರ್ಚಿನ ನ್ಯಾಯಕ್ಕೆ ಸೇರಿದ ವಿಷಯವಾಗಿತ್ತು. ಮೂರು ಶತಮಾನಗಳ ನಂತರ ಭಾರತಕ್ಕೆ ಒಂದು ದಂಡ ಸಂಹಿತೆ ರಚಿಸಲು ಮೆಕಾಲೆಯ ಅಧ್ಯಕ್ಷತೆಯಲ್ಲಿ ಆಯೋಗವೊಂದು ಕಲ್ಕತ್ತೆಯಲ್ಲಿ ಕುಳಿತು, 1837ರಲ್ಲಿ ಕರಡು ಸಿದ್ಧಪಡಿಸಿತು. ಹಲವು ತಿದ್ದುಪಡಿಗಳಾಗಿ 1860ರಲ್ಲಿ ಅದು ಕಾಯಿದೆಯಾಯಿತು. 1862ರ ಜನವರಿ 1ರಂದು ಜಾರಿಗೆ ಬಂತು. ಅದರ 377ನೇ ಕಲಂ 'ನಿಸರ್ಗ ಕ್ರಮಕ್ಕೆ ವಿರುದ್ಧವಾದ' ಸಂಭೋಗಕ್ಕೆ ಜೀವಾವಧಿಯವರೆಗಿನ ಶಿಕ್ಷೆಯನ್ನು ಗೊತ್ತುಪಡಿಸಿತು.

ಭಾರತದ ಸಂಹಿತೆ ಬ್ರಿಟಿಷರಿಗೆ ಒಂದು ಸಿದ್ಧ ಅಚ್ಚಾಯಿತು. ಸಿಂಗಪುರ, ಪಿನಾಂಗ್, ಮಲಾಕ್ಕಾಗಳನ್ನೊಳಗೊಂಡ ವಸಾಹತಿಗೆ 1870ರ ದಶಕದ ಆರಂಭದಲ್ಲಿ ಇದೇ ಮಾದರಿಯ ಸಂಹಿತೆ ಬಂತು. ಕಲಮಿನ ಸಂಖ್ಯೆಯೂ ಬದಲಾಗಲಿಲ್ಲ. ಶ್ರೀಲಂಕಾಕ್ಕೆ 1883ರಲ್ಲಿ ಬಂದ ಸಂಹಿತೆಯಲ್ಲಿ ಅದು 365ನೇ ಕಲಂ. ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್‌ಗಳ ದಂಡ ಸಂಹಿತೆಗಳಲ್ಲಿ ಇಂದಿಗೂ ಅದು 377 ಆಗಿಯೇ ಉಳಿದಿದೆ. ಪೂರ್ವ ಆಫ್ರಿಕಾದ ವಸಾಹತುಗಳಿಗೂ ಬ್ರಿಟಿಷರು ಇದೇ ಬಗೆಯ ಕಾಯಿದೆಯನ್ನು ಒಯ್ದರು.

ಫ್ರಾನ್ಸಿನ ಕಥೆ ಬೇರೆ. ಕ್ರಾಂತಿಯ ನಂತರ 1791ರಲ್ಲಿ ಬಂದ ಅಲ್ಲಿನ ದಂಡ ಸಂಹಿತೆ ಈ ಅಪರಾಧವನ್ನೇ ಕೈಬಿಟ್ಟಿತು. ನೆಪೋಲಿಯನ್ನನ ಕಾಲದಲ್ಲಿ ಆ ಸಂಹಿತೆಯ ಪ್ರಭಾವ ನೆದರ್ಲೆಂಡ್ಸ್‌ಗೂ ಹಬ್ಬಿತು. ಹೀಗಾಗಿ ಫ್ರೆಂಚರು ಆಳಿದ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳಲ್ಲಿ ಬ್ರಿಟಿಷ್ ಮಾದರಿಯ ಕಲಂ ಬೇರೂರಲಿಲ್ಲ. ಡಚ್ಚರು ಆಳಿದ ಇಂಡೊನೇಷ್ಯಾದ ರಾಷ್ಟ್ರೀಯ ಸಂಹಿತೆಯಲ್ಲೂ ವಯಸ್ಕರ ಸಲಿಂಗ ಸಂಬಂಧ ಅಪರಾಧವಾಗಿರಲಿಲ್ಲ. ಸಲಿಂಗ ಸಂಬಂಧವನ್ನು ಏಷ್ಯಾದ ಸಂಸ್ಕೃತಿ ಒಪ್ಪುವುದಿಲ್ಲ, ಅದಕ್ಕೇ ಕಾನೂನು ಹೀಗಿದೆ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಭೂಪಟ ನೋಡಿದರೆ, ಕಾಯಿದೆ ಇರುವುದಕ್ಕೂ ಇಲ್ಲದಿರುವುದಕ್ಕೂ ಆ ನೆಲವನ್ನು ಯಾರು ಆಳಿದರು ಎಂಬುದೇ ಎಷ್ಟೋ ಕಡೆ ಕಾರಣವಾಗಿದೆ.

ಈ ಕಾನೂನನ್ನು ರಫ್ತು ಮಾಡಿದ ಇಂಗ್ಲೆಂಡ್ 1967ರಲ್ಲೇ ತನ್ನ ನೆಲದಲ್ಲಿ ಅದನ್ನು ಸಡಿಲಿಸಿತು. ಭಾರತದಲ್ಲಿ ಇನ್ನೂ ಅರ್ಧ ಶತಮಾನ ಹಿಡಿಯಿತು. 2009ರಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಹಿಂದಕ್ಕೆ ಪಡೆಯಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಾಟಿಯಾದ ಕಲಂ ಇಲ್ಲ.

ಆದರೆ ಈ ತೀರ್ಪು ಪಾಸ್‌ಪೋರ್ಟಿನ ಜೊತೆ ಗಡಿ ದಾಟುವುದಿಲ್ಲ. ಬೆಂಗಳೂರಿನಲ್ಲಿ ಅಪರಾಧವಲ್ಲದ ಸಂಬಂಧ ವಿಮಾನ ಇಳಿದ ಕೂಡಲೇ ಅಪರಾಧವಾಗಬಹುದು. ಪರದೇಶದಲ್ಲಿ ಬಂಧನವಾದರೆ ನಮ್ಮ ರಾಯಭಾರ ಕಚೇರಿ ಬಂದು ಭೇಟಿ ಮಾಡಬಹುದು, ವಕೀಲರನ್ನು ಹುಡುಕಲು ನೆರವಾಗಬಹುದು. ಅಲ್ಲಿನ ಕಾಯಿದೆಯನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ.

ಒಂದೇ ಟಿಕೆಟ್ಟು, ಎರಡು ಕಾನೂನು

ಸಿಂಗಪುರ ಮತ್ತು ಮಲೇಷ್ಯಾ ನಮ್ಮ ಜಾಹೀರಾತುಗಳಲ್ಲಿ ಜೋಡಿಯಾಗಿಯೇ ಬರುತ್ತವೆ. ಎರಡರ ನಡುವೆ ಇರುವುದು ಸುಮಾರು 1 ಕಿಲೊಮೀಟರ್ ಉದ್ದದ ಒಂದು ಸೇತುಗಟ್ಟೆ. ಸಲಿಂಗಿ ಪ್ರವಾಸಿಗೆ ಮಾತ್ರ ಆ ಒಂದು ಕಿಲೊಮೀಟರ್ ಬಲು ದೂರ.

ಸಿಂಗಪುರದಲ್ಲಿ ಹಳೆಯ 377ರ ಜೊತೆಗೆ, ಗಂಡಸರ ನಡುವಿನ 'ಅಸಭ್ಯ ವರ್ತನೆ'ಗೆ ಎರಡು ವರ್ಷದವರೆಗೆ ಜೈಲು ವಿಧಿಸುವ 377-ಎ ಕಲಂ 1938ರಲ್ಲಿ ಸೇರಿತು. 2007ರಲ್ಲಿ 377 ಹೋಯಿತು, 377-ಎ ಉಳಿಯಿತು. ಕಾಯಿದೆ ಪುಸ್ತಕದಲ್ಲಿರುತ್ತದೆ, ಆದರೆ ಸರ್ಕಾರ ಅದನ್ನು ಮುಂದಾಗಿ ಜಾರಿಗೊಳಿಸುವುದಿಲ್ಲ ಎಂಬ ನಡುದಾರಿಯನ್ನು ಪ್ರಧಾನಿ ಲೀ ಸಿಯೆನ್ ಲೂಂಗ್ ಆಗ ಹಿಡಿದರು. ಅವರೇ 2022ರ ಆಗಸ್ಟ್‌ನಲ್ಲಿ ಅದನ್ನು ರದ್ದುಪಡಿಸುವುದಾಗಿ ಘೋಷಿಸಿದರು. ಆ ವರ್ಷದ ನವೆಂಬರ್ 29ರಂದು ಸಂಸತ್ತು ಒಪ್ಪಿತು. 2023ರ ಜನವರಿಯಲ್ಲಿ ಕಲಂ ಇಲ್ಲವಾಯಿತು. ವಿವಾಹದ ವ್ಯಾಖ್ಯೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸದಂತೆ ಸಂವಿಧಾನಕ್ಕೆ ತಿದ್ದುಪಡಿಯನ್ನೂ ಅದೇ ಹೊತ್ತಿಗೆ ತರಲಾಯಿತು.

ಪ್ರವಾಸಿ ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಸಿಂಗಪುರದ ಹಾಂಗ್ ಲಿಮ್ ಉದ್ಯಾನದಲ್ಲಿ 2009ರಿಂದ 'ಪಿಂಕ್ ಡಾಟ್' ಎಂಬ ಸಲಿಂಗಿಗಳ ಪರ ಸಮಾವೇಶ ನಡೆಯುತ್ತಿದೆ. 2017ರಿಂದೀಚೆಗೆ ಅಲ್ಲಿಗೆ ದೇಶದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಪ್ರವೇಶ. ಅಂದರೆ ಆ ಊರಿಗೆ ಹೋಗಬಹುದು, ಉಳಿಯಬಹುದು, ಸುತ್ತಾಡಬಹುದು. ಆ ಸಭೆಗೆ ಹೋಗಿ ನಿಲ್ಲುವಂತಿಲ್ಲ.

ಸೇತುಗಟ್ಟೆಯ ಆಚೆ ಮಲೇಷ್ಯಾದಲ್ಲಿ 377-ಎ ಮತ್ತು 377-ಬಿ ಇನ್ನೂ ಜೀವಂತ. ಶಿಕ್ಷೆ 20 ವರ್ಷದವರೆಗೆ ಜೈಲು, ಜೊತೆಗೆ ಛಡಿಯೇಟು. ಮುಸ್ಲಿಮರಿಗೆ ರಾಜ್ಯಗಳ ಷರಿಯತ್ ಕಾಯಿದೆಗಳು ಬೇರೆ ಇವೆ. 2018ರ ಸೆಪ್ಟೆಂಬರ್‌ನಲ್ಲಿ, ಅಂದರೆ ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಕೊಡುವ ಕೆಲವೇ ದಿನ ಮೊದಲು, ತೆರೆಂಗಾನು ರಾಜ್ಯದ ನ್ಯಾಯಾಲಯದಲ್ಲಿ ಇಬ್ಬರು ಹೆಂಗಸರಿಗೆ ನೆರೆದವರ ಎದುರಿನಲ್ಲಿ ಛಡಿಯೇಟು ಹಾಕಲಾಯಿತು. 2023ರಲ್ಲಿ ಅಧಿಕಾರಿಗಳು ಸ್ವಾಚ್ ಕಂಪನಿಯ ಮಳೆಬಿಲ್ಲಿನ ಬಣ್ಣದ ಕೈಗಡಿಯಾರಗಳನ್ನು ಅಂಗಡಿಗಳಿಂದ ಜಪ್ತಿ ಮಾಡಿದರು. ಆಮೇಲೆ ಅವನ್ನು ಧರಿಸುವುದಕ್ಕೂ ನಿಷೇಧ ಬಂತು. ಅದೇ ವರ್ಷ ಕೌಲಾಲಂಪುರದ ಸಂಗೀತೋತ್ಸವವೊಂದರಲ್ಲಿ ಬ್ರಿಟಿಷ್ ಗಾಯಕನೊಬ್ಬ ಕಾನೂನನ್ನು ಟೀಕಿಸಿ, ವೇದಿಕೆಯಲ್ಲೇ ತನ್ನ ತಂಡದ ಗಂಡಸಿಗೆ ಮುತ್ತಿಟ್ಟ. ಸರ್ಕಾರ ಇಡೀ ಉತ್ಸವವನ್ನೇ ರದ್ದುಪಡಿಸಿತು. ಗಾಯಕ ದೇಶ ಬಿಟ್ಟು ಹೋದ. ಅಲ್ಲೇ ಇರಬೇಕಾದ ಮಲೇಷ್ಯಾದ ಸಲಿಂಗಿಗಳು, ಇದರ ಬಿಸಿ ತಟ್ಟುವುದು ನಮಗೆ ಎಂದು ಆತನ ಮೇಲೆ ಸಿಟ್ಟಾದರು. ಪರವೂರಿನಲ್ಲಿ ಪ್ರವಾಸಿ ತೋರುವ ಧೈರ್ಯದ ಬೆಲೆಯನ್ನು ಬೇರೆಯವರು ಕೊಡಬೇಕಾಗಬಹುದು ಎಂಬ ಪಾಠ ಅದರಲ್ಲಿದೆ.

ಪಕ್ಕದ ದ್ವೀಪಗಳು

ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ವಿಮಾನಯಾನ. ಶ್ರೀಲಂಕಾದ 365ನೇ ಕಲಮಿಗೆ ಹತ್ತು ವರ್ಷದವರೆಗೆ, 365-ಎ ಕಲಮಿಗೆ ಎರಡು ವರ್ಷದವರೆಗೆ ಶಿಕ್ಷೆಯುಂಟು. 1995ರಲ್ಲಿ ಈ ಕಾಯಿದೆಯನ್ನು ತಿದ್ದಲು ಹೊರಟಾಗ ಅದು ಸಡಿಲವಾಗುವ ಬದಲು ಇನ್ನೂ ಬಿಗಿಯಾಯಿತು. ಗಂಡಸರಿಗೆ ಮಾತ್ರ ಅನ್ವಯಿಸುತ್ತಿದ್ದ 365-ಎ ಹೆಂಗಸರನ್ನೂ ಒಳಗೊಂಡಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಈ ಕಲಮುಗಳನ್ನು ತೆಗೆಯುವ ಮಸೂದೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಅಷ್ಟಾದರೂ ಆ ಮಸೂದೆ ಕಾಯಿದೆಯಾಗಲಿಲ್ಲ. ಪ್ರವಾಸಿಗಳ ಮೇಲೆ ಮೊಕದ್ದಮೆ ಹೂಡುವುದು ಅಪರೂಪ. ಆದರೆ ಕಾಯಿದೆ ಇದೆ ಎಂಬುದೇ ಹಣ ಕೀಳುವವರಿಗೆ, ಹೆದರಿಸುವವರಿಗೆ ಸಾಕಾದ ಅಸ್ತ್ರ. 2018ಕ್ಕೆ ಮೊದಲು ನಮ್ಮ ಊರುಗಳಲ್ಲೂ 377ರ ಮುಖ್ಯ ಉಪಯೋಗ ಇದೇ ಆಗಿತ್ತು.

ಮಾಲ್ಡೀವ್ಸ್‌ನದು ಇನ್ನೊಂದು ಬಗೆ. ಅಲ್ಲಿ ಸಲಿಂಗ ಸಂಬಂಧಕ್ಕೆ ಜೈಲು ಮತ್ತು ಛಡಿಯೇಟು ಎರಡನ್ನೂ ಕಾನೂನು ಹೇಳುತ್ತದೆ. ಆದರೆ ಅಲ್ಲಿನ ಪ್ರವಾಸೋದ್ಯಮ ನಿಂತಿರುವುದೇ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಎಂಬ ಏರ್ಪಾಡಿನ ಮೇಲೆ. ಜನವಸತಿಯ ದ್ವೀಪಗಳಲ್ಲಿ ಇಲ್ಲದ ಮದ್ಯ ರೆಸಾರ್ಟ್ ದ್ವೀಪಗಳಲ್ಲಿ ದೊರೆಯುತ್ತದೆ. ರೆಸಾರ್ಟಿನವರು ಕೋಣೆಯಲ್ಲಿ ಯಾರು ಯಾರ ಜೊತೆಗಿದ್ದಾರೆಂದು ವಿಚಾರಿಸಲು ಹೋಗುವುದಿಲ್ಲ. ಮದ್ಯಕ್ಕೆ ಲಿಖಿತ ವಿನಾಯಿತಿ ಇದೆ, ಸಲಿಂಗಿಗಳಿಗೆ ಅಂಥ ಲಿಖಿತ ವಿನಾಯಿತಿ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿನ ನಿರಾಳತೆ ನಿಂತಿರುವುದು ಹೋಟೆಲಿನವರ ಮೌನದ ಮೇಲೆ.

ಭಾರತ ಮೂಲದವರೇ ಹೆಚ್ಚಿರುವ ಮಾರಿಷಸ್‌ನಲ್ಲಿ ಪರಿಸ್ಥಿತಿ ಈಚೆಗೆ ಬದಲಾಗಿದೆ. ಬ್ರಿಟಿಷರ ಆಳ್ವಿಕೆಯಲ್ಲಿ 1838ರಲ್ಲಿ ಬಂದ ಸಂಹಿತೆಯ 250ನೇ ಕಲಮನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 4ರಂದು, ವಯಸ್ಕ ಗಂಡಸರ ಸಮ್ಮತಿಯ ಸಂಬಂಧದ ಮಟ್ಟಿಗೆ, ಸಂವಿಧಾನಬಾಹಿರವೆಂದಿತು. ಈ ಕಾನೂನು ಮಾರಿಷಸ್ಸಿನ ಜನರ ಮೌಲ್ಯಗಳಿಂದ ಹುಟ್ಟಿದ್ದಲ್ಲ, ವಸಾಹತು ಕಾಲದ ಬಳುವಳಿ ಎಂಬುದನ್ನು ನ್ಯಾಯಾಲಯವೇ ಗುರುತಿಸಿತು. ಮಧುಚಂದ್ರಕ್ಕೆ ಹೆಸರಾದ ಈ ಮೂರು ದ್ವೀಪ ದೇಶಗಳಲ್ಲಿ ಕಾನೂನಿನ ದೃಷ್ಟಿಯಿಂದ ಇದೊಂದೇ ಈಗ ನಿರ್ಭಯ.

ಕೊಲ್ಲಿಯ ದಾರಿ

ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳಿಗೆ ದುಬೈ ಪರದೇಶವೆನಿಸುವುದೇ ಇಲ್ಲ. ಅರಬ್ ಸಂಯುಕ್ತ ಸಂಸ್ಥಾನ ಈಚಿನ ವರ್ಷಗಳಲ್ಲಿ ತನ್ನ ಕಾಯಿದೆಗಳನ್ನು ಹಲವು ರೀತಿಯಲ್ಲಿ ಸಡಿಲಿಸಿದೆ. ಮದುವೆಯಾಗದ ಗಂಡು ಹೆಣ್ಣು ಒಟ್ಟಿಗೆ ವಾಸಿಸುವುದು 2020ರ ನಂತರ ಅಪರಾಧವಾಗಿ ಉಳಿದಿಲ್ಲ. ಸಲಿಂಗಿಗಳಿಗೆ ಈ ಸಡಿಲಿಕೆ ದೊರೆಯಲಿಲ್ಲ. ಅವರ ಸಂಬಂಧ ಅಲ್ಲಿ ಇಂದಿಗೂ ಶಿಕ್ಷಾರ್ಹ.

ಹಾಗೆಂದು ದುಬೈಗೆ ಹೋದ ಇಬ್ಬರು ಗೆಳೆಯರನ್ನು ಹೋಟೆಲಿನಲ್ಲಿ ಯಾರೂ ತಡೆಯುವುದಿಲ್ಲ. ನಮ್ಮಲ್ಲಿಯೂ ಕೊಲ್ಲಿಯಲ್ಲಿಯೂ ಇಬ್ಬರು ಗಂಡಸರು ಒಂದೇ ಕೋಣೆ ಹಿಡಿಯುವುದು ಸಾಮಾನ್ಯ. ಗೆಳೆಯರು ಕೈ ಹಿಡಿದು ನಡೆದರೂ ಯಾರೂ ತಿರುಗಿ ನೋಡುವುದಿಲ್ಲ. ಸಂಬಂಧ ಕಾಣದೆ ಇರುವವರೆಗೆ ತೊಂದರೆಯಿಲ್ಲ. ಕಂಡ ಕೂಡಲೇ, ಇಲ್ಲವೆ ಯಾರಾದರೂ ದೂರು ಕೊಟ್ಟ ಕೂಡಲೇ, ಕತೆ ಬದಲಾಗುತ್ತದೆ. ಐದು ದಿನ ತಮ್ಮವರನ್ನು 'ಕಸಿನ್' ಎಂದು ಪರಿಚಯಿಸುತ್ತ ಕಳೆಯುವುದು ರಜೆಯೇ ಎಂಬುದನ್ನು ಅವರವರೇ ತೀರ್ಮಾನಿಸಬೇಕು.

ಕತಾರ್‌ನಲ್ಲಿ 2022ರ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಈ ಪ್ರಶ್ನೆ ಜಗತ್ತಿನ ಮುಂದೆ ಬಂತು. ಸಲಿಂಗಿಗಳ ಬೆಂಬಲದ ತೋಳುಪಟ್ಟಿ ಧರಿಸಲು ಹೊರಟ ಯುರೋಪಿನ ನಾಯಕರಿಗೆ ಫಿಫಾ ಹಳದಿ ಕಾರ್ಡಿನ ಎಚ್ಚರಿಕೆ ಕೊಟ್ಟಿತು. ಅವರು ಹಿಂದೆ ಸರಿದರು. ಜರ್ಮನಿಯ ಆಟಗಾರರು ತಂಡದ ಚಿತ್ರ ತೆಗೆಯುವಾಗ ಕೈಯಿಂದ ಬಾಯಿ ಮುಚ್ಚಿಕೊಂಡು ಪ್ರತಿಭಟಿಸಿದರು.

ಪುಸ್ತಕದಲ್ಲಿ ಕಾಯಿದೆ ಇಲ್ಲದಿದ್ದರೆ ಸಾಕೆ ಎಂಬ ಪ್ರಶ್ನೆಗೆ ಈಜಿಪ್ಟ್ ಉತ್ತರ. ಅಲ್ಲಿ ಸಲಿಂಗ ಸಂಬಂಧವನ್ನು ಹೆಸರಿಸಿ ನಿಷೇಧಿಸುವ ಕಲಮೇ ಇಲ್ಲ. ವೇಶ್ಯಾವಾಟಿಕೆಯನ್ನು ತಡೆಯಲು 1961ರಲ್ಲಿ ಮಾಡಿದ ಕಾನೂನಿನಲ್ಲಿ 'ದುರಾಚಾರ' ಎಂಬರ್ಥದ ಒಂದು ಪದವಿದೆ. ಪೊಲೀಸರಿಗೆ ಅದೇ ಸಾಕು. 2001ರ ಮೇ ತಿಂಗಳಲ್ಲಿ ಕೈರೋದಲ್ಲಿ ನೈಲ್ ನದಿಯ ತೇಲುವ ಕ್ಲಬ್ಬೊಂದರ ಮೇಲೆ ದಾಳಿ ನಡೆದು, 52 ಗಂಡಸರು ವಿಚಾರಣೆ ಎದುರಿಸಿದರು. ಈಚೆಗೆ ಪರಿಚಯ ಬೆಳೆಸುವ ಮೊಬೈಲ್ ಆ್ಯಪ್‌ಗಳಲ್ಲಿ ಪೊಲೀಸರೇ ಗೆಳೆಯರ ವೇಷದಲ್ಲಿ ಬಲೆ ಬೀಸುತ್ತಾರೆ. ಪಿರಮಿಡ್ ನೋಡಲು ಹೋಗುವವರು ಅಂಥ ಆ್ಯಪ್‌ಗಳನ್ನು ಮನೆಯಲ್ಲೇ ಅಳಿಸಿ ಹೋಗುವುದು ಕ್ಷೇಮ.

ಬಾಗಿಲು ತೆರೆದ ಊರುಗಳು

ಇಷ್ಟೆಲ್ಲ ಓದಿದ ಮೇಲೆ ಮನೆಯಲ್ಲೇ ಇರುವುದು ವಾಸಿ ಎನ್ನಿಸಬಹುದು. ಹಾಗೆಂದುಕೊಳ್ಳಬೇಕಿಲ್ಲ, ನಿರಾಳವಾಗಿ ಹೋಗಿಬರುವ ಊರುಗಳು ನಮ್ಮ ಸುತ್ತಲೇ ಇವೆ.

ಯಾವ ಯುರೋಪಿಯನ್ನರೂ ಆಳದ ಥಾಯ್ಲೆಂಡ್, ಪಾಶ್ಚಾತ್ಯರ ಮೆಚ್ಚುಗೆಗೆಂದು ಕಾಯಿದೆಗಳನ್ನು ಆಧುನಿಕಗೊಳಿಸುವ ಭರದಲ್ಲಿ, 1908ರ ದಂಡ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆಂದು ಸೇರಿಸಿಕೊಂಡಿತ್ತು. 1956ರ ಹೊಸ ಸಂಹಿತೆಯಲ್ಲಿ ಅದನ್ನು ಕೈಬಿಟ್ಟಿತು. 2025ರ ಜನವರಿ 23ರಂದು ಸಮಾನ ವಿವಾಹ ಕಾಯಿದೆ ಜಾರಿಗೆ ಬಂದು, ಕಾನೂನಿನಲ್ಲಿದ್ದ ಗಂಡ-ಹೆಂಡತಿ ಎಂಬ ಮಾತಿನ ಜಾಗದಲ್ಲಿ ಸಂಗಾತಿ ಎಂಬ ಮಾತು ಬಂತು. ಮೊದಲ ದಿನವೇ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಜೋಡಿಗಳು ನೋಂದಣಿ ಮಾಡಿಸಿಕೊಂಡವು. ಆಗ್ನೇಯ ಏಷ್ಯಾದಲ್ಲಿ ಇದು ಮೊದಲು. ಪ್ರವಾಸ ಇಲಾಖೆ ಸಲಿಂಗಿ ಪ್ರವಾಸಿಗಳನ್ನು ಹೆಸರಿಟ್ಟೇ ಆಹ್ವಾನಿಸುತ್ತದೆ. ಬ್ಯಾಂಕಾಕಿನ ಸಿಲೋಂ ಬೀದಿಯ ಗಲ್ಲಿಗಳು ಅದಕ್ಕೇ ಹೆಸರುವಾಸಿ. ಅಲ್ಲಿಯೂ ಎಲ್ಲವೂ ಸರಿಯಿದೆ ಎನ್ನಲಾಗದು. ರಂಗಭೂಮಿಯಲ್ಲಿ, ಅಂಗಡಿಗಳಲ್ಲಿ ಎದ್ದು ಕಾಣುವ ಲಿಂಗಾಂತರಿಗಳಿಗೆ ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಳ್ಳುವ ಕಾನೂನು ಇನ್ನೂ ದೊರೆತಿಲ್ಲ.

ಏಷ್ಯಾದಲ್ಲಿ ಮೊದಲು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟದ್ದು ತೈವಾನ್. ಅಲ್ಲಿನ ಸಂವಿಧಾನ ನ್ಯಾಯಾಲಯ 2017ರ ಮೇ 24ರಂದು ತೀರ್ಪು ಕೊಟ್ಟು ಎರಡು ವರ್ಷದ ಗಡುವು ಹಾಕಿತು. 2019ರ ಮೇ 24ರಂದು ಕಾಯಿದೆ ಜಾರಿಯಾಯಿತು. ರಾಜಧಾನಿ ತೈಪೆಯಲ್ಲಿ 2003ರಿಂದ ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ನಡೆಯುವ ಮೆರವಣಿಗೆಗೆ ಏಷ್ಯಾದ ಎಲ್ಲೆಡೆಯಿಂದ ಜನ ಬರುತ್ತಾರೆ. ವಿಯೆಟ್ನಾಂ 2015ರಲ್ಲಿ ಸಲಿಂಗ ವಿವಾಹದ ಮೇಲಿದ್ದ ನಿಷೇಧವನ್ನು ತೆಗೆಯಿತು. ಮದುವೆ ಮಾಡಿಕೊಂಡರೆ ಸರ್ಕಾರ ತಡೆಯುವುದಿಲ್ಲ, ಹಾಗೆಂದು ಮಾನ್ಯತೆಯೂ ಇಲ್ಲ.

ಭಾರತೀಯರು ವೀಸಾ ಇಲ್ಲದೆ ಹೋಗಬಹುದಾದ ನೇಪಾಳವನ್ನು ಈ ಪಟ್ಟಿಯಲ್ಲಿ ಮರೆಯುವಂತಿಲ್ಲ. ಸುನಿಲ್ ಬಾಬು ಪಂತ್ ಮತ್ತು ಸಂಗಡಿಗರ ಅರ್ಜಿಯ ಮೇಲೆ ಅಲ್ಲಿನ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲೇ, ನಮಗಿಂತ ಹತ್ತು ವರ್ಷಕ್ಕೂ ಮುಂಚೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಸಮಾನ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಮರುವರ್ಷ ಪಂತ್ ಸಂವಿಧಾನ ಸಭೆಯ ಸದಸ್ಯರಾದರು. ಆಮೇಲೆ ಸಲಿಂಗಿ ಪ್ರವಾಸಿಗಳಿಗೆಂದೇ ಒಂದು ಪ್ರವಾಸ ಸಂಸ್ಥೆಯನ್ನೂ ಕಟ್ಟಿದರು. 2015ರ ಸಂವಿಧಾನ ಈ ಹಕ್ಕುಗಳನ್ನು ಬರೆದುಕೊಂಡಿತು. 2023ರ ನವೆಂಬರ್ 29ರಂದು ಲಮ್‌ಜುಂಗ್ ಜಿಲ್ಲೆಯಲ್ಲಿ ಇಂಥ ಮೊದಲ ವಿವಾಹ ನೋಂದಣಿಯಾಯಿತು. ಸತ್ತವರ ನೆನಪಿನಲ್ಲಿ ವೇಷ ಕಟ್ಟಿ ಬೀದಿಗಿಳಿಯುವ ಗಾಯಿಜಾತ್ರೆ ಹಬ್ಬದಂದೇ ಕಠ್ಮಂಡುವಿನ ಸಲಿಂಗಿಗಳು ತಮ್ಮ ಮೆರವಣಿಗೆ ಹೊರಡಿಸುತ್ತ ಬಂದಿದ್ದಾರೆ. ಊರಿನ ಹಬ್ಬದೊಳಗೇ ತಮ್ಮ ಜಾಗ ಕಂಡುಕೊಂಡ ಜಾಣತನ ಅದು.

ಬಾಲಿ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿನ ಸೆಮಿನ್ಯಾಕ್ ಕಡಲತೀರ ವರ್ಷಗಳಿಂದ ಸಲಿಂಗಿ ಪ್ರವಾಸಿಗಳಿಗೆ ಪರಿಚಿತ. ಆದರೆ ಬಾಲಿ ಇಂಡೊನೇಷ್ಯಾದ ಒಂದು ಭಾಗ. ವಿವಾಹದ ಹೊರಗಿನ ಎಲ್ಲ ದೈಹಿಕ ಸಂಬಂಧವನ್ನೂ ಅಪರಾಧವಾಗಿಸುವ ಸಂಹಿತೆಯನ್ನು ಆ ದೇಶದ ಸಂಸತ್ತು 2022ರ ಡಿಸೆಂಬರ್‌ನಲ್ಲಿ ಅಂಗೀಕರಿಸಿ, 2026ರ ಜನವರಿಯಿಂದ ಜಾರಿಗೆ ಬರುವಂತೆ ಗೊತ್ತುಪಡಿಸಿತು. ಸಂಗಾತಿ, ತಂದೆತಾಯಿ ಅಥವಾ ಮಕ್ಕಳು ಮಾತ್ರ ದೂರು ಕೊಡಬಹುದಾದ್ದರಿಂದ ಪ್ರವಾಸಿಗಳಿಗೆ ಹೆಚ್ಚಿನ ಅಪಾಯವಿಲ್ಲ. ಅದೇ ದೇಶದ ಆಚೆ ಪ್ರಾಂತ್ಯದಲ್ಲಿ ಮಾತ್ರ ಸಲಿಂಗ ಸಂಬಂಧಕ್ಕೆ ಸಾರ್ವಜನಿಕ ಛಡಿಯೇಟು 2017ರಿಂದ ನಡೆದಿದೆ. ಒಂದು ದೇಶವನ್ನು ಒಂದೇ ಮಾತಿನಲ್ಲಿ ಅಳೆಯಬಾರದು ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಯುರೋಪಿನವರೂ ಅಲೆದವರೇ

ಪಶ್ಚಿಮದ ದೇಶಗಳು ಹಿಂದಿನಿಂದಲೂ ಉದಾರವಾಗಿದ್ದವು ಎಂಬ ಕಲ್ಪನೆ ತಪ್ಪು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡ್, ಜರ್ಮನಿಗಳ ಸಲಿಂಗಿಗಳು ದಕ್ಷಿಣದ ಇಟಲಿಗೆ ಹೋಗುತ್ತಿದ್ದರು. 1889ರ ಇಟಲಿಯ ದಂಡ ಸಂಹಿತೆಯಲ್ಲಿ ಈ ಅಪರಾಧ ಇರಲಿಲ್ಲ. ಜರ್ಮನಿಯಲ್ಲಿ 1871ರ 175ನೇ ಕಲಂ ಇತ್ತು, ಅದು ಪೂರ್ತಿಯಾಗಿ ಹೋದದ್ದು 1994ರಲ್ಲಿ. ಎರಡು ವರ್ಷ ಸೆರೆವಾಸ ಅನುಭವಿಸಿ 1897ರಲ್ಲಿ ಹೊರಬಂದ ಲೇಖಕ ಆಸ್ಕರ್ ವೈಲ್ಡ್ ತಾಯ್ನಾಡು ಬಿಟ್ಟು ಫ್ರಾನ್ಸಿಗೆ ಹೋದ, ಅಲ್ಲಿಂದ ನೇಪಲ್ಸ್‌ಗೆ ಹೋದ. ಮತ್ತೆ ಇಂಗ್ಲೆಂಡಿಗೆ ಮರಳದೆ 1900ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಅಂಥವರ ಪಾಲಿಗೆ ಪ್ರವಾಸವೆಂದರೆ ಅರ್ಧ ಗಡೀಪಾರು.

ಅಮೆರಿಕ 1952ರ ವಲಸೆ ಕಾಯಿದೆಯ ಅಡಿಯಲ್ಲಿ ಸಲಿಂಗಿಗಳನ್ನು ಮನೋರೋಗಿಗಳ ಸಾಲಿಗೆ ಸೇರಿಸಿ ದೇಶದೊಳಕ್ಕೆ ಬಿಡುತ್ತಿರಲಿಲ್ಲ. ಆ ನಿರ್ಬಂಧ ತೆಗೆದದ್ದು 1990ರಲ್ಲಿ. ಆ ದೇಶದ ಒಳಗೇ ತಿರುಗಾಡುವ ಸಲಿಂಗಿಗಳು, ಯಾವ ಊರಿನಲ್ಲಿ ಯಾವ ಮದ್ಯದಂಗಡಿ ಸುರಕ್ಷಿತ ಎಂದು ಪಟ್ಟಿ ಮಾಡಿದ, ಕಿಸೆಯಲ್ಲಿಡುವ ಡ್ಯಾಮ್ರನ್ ಕೈಪಿಡಿಯನ್ನು 1960ರ ದಶಕದಿಂದ ಬಳಸುತ್ತಿದ್ದರು. 1970ರಲ್ಲಿ ಬೇರೆ ಬೇರೆ ದೇಶಗಳಿಗೆ ಅನ್ವಯಿಸುವ ಸ್ಪಾರ್ಟಕಸ್ ಕೈಪಿಡಿ ಬಂತು. ಪೊಲೀಸರ ದಾಳಿಯಿಂದ ತಪ್ಪಿಸಿಕೊಳ್ಳಲು ಹುಟ್ಟಿದ ಈ ಪುಸ್ತಕಗಳೇ ಮುಂದೆ ಒಂದು ದೊಡ್ಡ ಉದ್ಯಮದ ಮೊದಲ ಪುಟಗಳಾದವು.

ಇಂದು ಚಿತ್ರ ಬೇರೆ. 2001ರ ಏಪ್ರಿಲ್ 1ರಂದು ಸಲಿಂಗ ವಿವಾಹಕ್ಕೆ ಮೊದಲು ಅವಕಾಶ ಕೊಟ್ಟ ನೆದರ್ಲೆಂಡ್ಸ್, 2005ರಲ್ಲಿ ಕೊಟ್ಟ ಸ್ಪೇನ್ ಇವುಗಳಲ್ಲಿ ಸಲಿಂಗಿ ಪ್ರವಾಸಿ ಯಾರಿಗೂ ವಿಶೇಷವಲ್ಲ. ಆದರೆ ಯುರೋಪನ್ನೆಲ್ಲ ಒಂದೇ ಎಂದುಕೊಂಡರೆ ಮತ್ತೆ ಎಡವುತ್ತೇವೆ. ಹಂಗರಿ 2025ರಲ್ಲಿ ಸಲಿಂಗಿಗಳ ಮೆರವಣಿಗೆಯನ್ನು ನಿಷೇಧಿಸಿತು; ಆ ಜೂನ್‌ನಲ್ಲಿ ಬುಡಾಪೆಸ್ಟಿನ ಜನ ನಿಷೇಧ ಲೆಕ್ಕಿಸದೆ ಭಾರೀ ಸಂಖ್ಯೆಯಲ್ಲಿ ಬೀದಿಗಿಳಿದರು. ರಷ್ಯದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಸಲಿಂಗಿಗಳ ಚಳವಳಿಯನ್ನೇ ಉಗ್ರವಾದಿ ಎಂದು ಘೋಷಿಸಿತು.

ಆಫ್ರಿಕಾ ಖಂಡದಲ್ಲಿಯೂ ಎರಡು ತುದಿಗಳಿವೆ. ದಕ್ಷಿಣ ಆಫ್ರಿಕಾದ 1996ರ ಸಂವಿಧಾನ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸಿತು, 2006ರಲ್ಲಿ ಸಲಿಂಗ ವಿವಾಹವೂ ಬಂತು. ಕಾಡುಪ್ರಾಣಿ ನೋಡಲು ನಮ್ಮವರು ಹೋಗುವ ಕೆನ್ಯಾದಲ್ಲಿ 14 ವರ್ಷದವರೆಗೆ, ತಾಂಜಾನಿಯಾದಲ್ಲಿ ಜೀವಾವಧಿಯವರೆಗೆ ಶಿಕ್ಷೆಯಿದೆ. ಸಲಿಂಗಿಯೊಬ್ಬನ ಬದುಕನ್ನು ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದ ವಸುಧೇಂದ್ರರ 'ಮೋಹನಸ್ವಾಮಿ' (2013) ಸಂಕಲನದಲ್ಲಿ 'ಕಿಲಿಮಂಜಾರೊ' ಎಂಬ ಕಥೆಯಿದೆ. ಆ ಪರ್ವತ ಇರುವುದು ಇದೇ ತಾಂಜಾನಿಯಾದಲ್ಲಿ.

ಆರಿಸುವುದು ಹೇಗೆ?

ಇಷ್ಟು ಊರುಗಳನ್ನು ನೋಡಿದ ಮೇಲೆ ಹೋಲಿಕೆಗೆ ಒಂದು ಸರಳ ಕ್ರಮ ಸಿಗುತ್ತದೆ. ಮೊದಲು ಕಾಯಿದೆ: ಪುಸ್ತಕದಲ್ಲಿ ಏನು ಬರೆದಿದೆ? ಎರಡನೆಯದು ಪೊಲೀಸು: ಬರೆದದ್ದನ್ನು ಅವರು ಬಳಸುತ್ತಾರೆಯೇ, ಬರೆಯದಿದ್ದರೂ ಬೇರೆ ದಾರಿ ಹುಡುಕುತ್ತಾರೆಯೇ? ಮೂರನೆಯದು ಬೀದಿ: ಹೋಟೆಲಿನವರು, ಟ್ಯಾಕ್ಸಿಯವರು, ಪಕ್ಕದ ಮೇಜಿನವರು ಹೇಗೆ ನೋಡುತ್ತಾರೆ? ಥಾಯ್ಲೆಂಡ್, ತೈವಾನ್ ಮೂರರಲ್ಲೂ ಹೆಚ್ಚುಕಡಿಮೆ ಉತ್ತೀರ್ಣ. ಸಿಂಗಪುರ, ಮಾರಿಷಸ್‌ಗಳಲ್ಲಿ ಕಾಯಿದೆ ಸರಿಯಿದೆ. ಬೀದಿ ಇನ್ನೂ ಹೊಂದಿಕೊಳ್ಳುತ್ತಿದೆ. ಶ್ರೀಲಂಕಾದಲ್ಲಿ ಕಾಯಿದೆ ಕೆಟ್ಟದ್ದು, ಪ್ರವಾಸಿಯ ಮಟ್ಟಿಗೆ ಅದರ ಬಳಕೆ ಕಡಿಮೆ. ಮಲೇಷ್ಯಾ, ಕೊಲ್ಲಿ ರಾಷ್ಟ್ರಗಳು, ಈಜಿಪ್ಟ್‌ಗಳಲ್ಲಿ ಎಚ್ಚರ ತಪ್ಪುವಂತಿಲ್ಲ.

ಲಿಂಗಾಂತರಿ ಪ್ರವಾಸಿಗಳಿಗೆ ಇನ್ನೂ ಒಂದು ಕಷ್ಟವಿದೆ. ಪಾಸ್‌ಪೋರ್ಟಿನಲ್ಲಿ ಬರೆದ ಲಿಂಗಕ್ಕೂ ಎದುರಿಗೆ ನಿಂತವರ ರೂಪಕ್ಕೂ ತಾಳೆಯಾಗದಿದ್ದರೆ ವಲಸೆ ಅಧಿಕಾರಿಯ ಮೇಜಿನಲ್ಲೇ ಪ್ರಶ್ನೆಗಳು ಶುರುವಾಗುತ್ತವೆ. ದಾಖಲೆಗಳನ್ನು ಮೊದಲೇ ಸರಿಪಡಿಸಿಕೊಳ್ಳುವುದು, ನಡುವೆ ವಿಮಾನ ಬದಲಿಸಬೇಕಾದ ಊರು ಯಾವುದು ಎಂದು ನೋಡಿಕೊಳ್ಳುವುದು ಅವರಿಗೆ ಬಲು ಮುಖ್ಯ.

ಕೊನೆಗೆ ಮರಳಿ ಬರುವ ವಿಚಾರ. ಬ್ಯಾಂಕಾಕಿನಲ್ಲಿ ಕಾನೂನಿನ ಪ್ರಕಾರ ಮದುವೆಯಾಗಿ ಬಂದ ಇಬ್ಬರು ಗಂಡಸರು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದಾಗ ನಮ್ಮ ಕಾನೂನಿನ ಕಣ್ಣಿಗೆ ಅವಿವಾಹಿತರೇ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿ, ಆ ಕೆಲಸ ಶಾಸಕಾಂಗದ್ದು ಎಂದಿತು. ಒಬ್ಬರು ಆಸ್ಪತ್ರೆ ಸೇರಿದರೆ, ತೀರಿಕೊಂಡರೆ, ಇನ್ನೊಬ್ಬರು ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ. ಭಾರತ ಈ ಭೂಪಟದಲ್ಲಿ ಅಪರಾಧದ ಪಟ್ಟಿಯಿಂದ ಹೊರಬಂದಿದೆ, ಮಾನ್ಯತೆಯ ಪಟ್ಟಿಗೆ ಇನ್ನೂ ಸೇರಿಲ್ಲ.

ಹಾಗಿದ್ದರೂ 2018ರ ತೀರ್ಪು ದೆಹಲಿಯಲ್ಲೇ ಉಳಿಯಲಿಲ್ಲ. ಮರುವರ್ಷ ಆಫ್ರಿಕಾದ ಬೋಟ್ಸ್ವಾನಾದ ಹೈಕೋರ್ಟು ತನ್ನ ದೇಶದ ಇಂಥದೇ ಕಾಯಿದೆಯನ್ನು ರದ್ದುಪಡಿಸುವಾಗ ನವತೇಜ್ ತೀರ್ಪನ್ನು ಉಲ್ಲೇಖಿಸಿತು. ಒಂದು ಕಾಲದಲ್ಲಿ ಕಲಂ ಹಡಗು ಹತ್ತಿ ಹೋದ ಹಾಗೆ ಈಗ ಅದನ್ನು ತೊಡೆದುಹಾಕುವ ವಾದವೂ ಇಲ್ಲಿಂದ ಹೊರಟಿದೆ.

ಸಸ್ಯಾಹಾರಿ ಊಟ ಸಿಗುತ್ತದೆಯೇ ಎಂದು ಗಿರಾಕಿಗಳು ಮತ್ತೆ ಮತ್ತೆ ಕೇಳಿದ್ದರಿಂದಲೇ ಪ್ರವಾಸ ಕಂಪನಿಗಳು ಅಡುಗೆಯವರನ್ನು ಜೊತೆಗೆ ಕರೆದೊಯ್ಯಲು ಕಲಿತವು. ಆ ನಾಲ್ಕನೆಯ ಪ್ರಶ್ನೆಯನ್ನೂ ಕೇಳುವವರು ಹೆಚ್ಚಿದರೆ, ಉತ್ತರ ಹೇಳುವವರೂ ಸಿಗುತ್ತಾರೆ.